ಬಿಷಪರ ಪ್ಯಾನೆಲ್ಲಿಗೆ ಮತ ಹಾಕಲು ಹೊರಟವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮೂರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪ್ರಾಂತಗಳ, ಅಂದರೆ ಡಯಾಸಿಸ್‌ಗಳ, ಕೌನ್ಸಿಲ್ಲಿಗೆ ಸಭೆಗಳಿಂದ ಆಯ್ಕೆಯಾದ ಪ್ರತಿನಿಧಿಗಳಿಗೆ,

ಕ್ರಿಸ್ತನಲ್ಲಿ ಪ್ರಿಯರೇ,

ನೀವು ಆಯ್ಕೆಯಾದ ಸುದ್ದಿ ಹೊರಬಿದ್ದ ಸಂಜೆಯಿಂದಲೇ ಫೋನು ಬರಲು ಶುರುವಾಗಿರಬೇಕು. ವರ್ಷಗಟ್ಟಲೆ ಮಾತಾಡದವರೂ ಮಕ್ಕಳ ಓದು, ಮನೆಯವರ ಮಂಡಿನೋವು ಎಲ್ಲ ವಿಚಾರಿಸಿ, ಕೊನೆಗೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ: "ಬಿಷಪರ ಜಾಗ ಖಾಲಿಯಾದಾಗ ನಮ್ಮವರೇ ಬರಬೇಕು, ನೋಡಿ." ಈ ನಮ್ಮವರು ಯಾರೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಮಂಗಳೂರಿನ ಕಡೆ ಘಟ್ಟದ ಕೆಳಗಿನವರು, ಮೈಸೂರು ಹಾಸನದ ಕಡೆ ಘಟ್ಟದ ಮೇಲಿನವರು, ಬೆಂಗಳೂರಿನಲ್ಲಿ ಕನ್ನಡದವರೋ ತಮಿಳಿನವರೋ. ಧಾರವಾಡ ಗದಗಿನ ಲೆಕ್ಕ ಅಲ್ಲಿಯವರಿಗೇ ಗೊತ್ತು.

ಆ ಫೋನುಗಳಿಗೆ ಏನು ಉತ್ತರ ಕೊಡಬೇಕೆಂದು ಹೇಳಿಕೊಡಲು ನಾನು ಬರೆಯುತ್ತಿಲ್ಲ. ನಾನೂ ಹಿಂದೆ ಆ ಸಭಾಂಗಣದಲ್ಲಿ ಬ್ಯಾಡ್ಜು ಹಾಕಿಕೊಂಡು ಕುಳಿತವನು. ಒತ್ತಡ ಹೇಗಿರುತ್ತದೆ ಗೊತ್ತು. ನಾನು ಹೇಳಬೇಕಾದ್ದು ಒಂದೇ. ಕೌನ್ಸಿಲ್ಲಿನಲ್ಲಿ ನಿಮಗೆ ಸಿಗುವ ಮತಪತ್ರಗಳಲ್ಲಿ ಬಿಷಪ್ ಸ್ಥಾನಕ್ಕೆ ಹೆಸರು ಸೂಚಿಸುವ ಪ್ಯಾನೆಲ್ಲಿನದು ಅತ್ಯಂತ ಸದ್ದು ಮಾಡುವಂಥದ್ದು, ಅತ್ಯಂತ ಬೆಲೆಯುಳ್ಳದ್ದಲ್ಲ. ಬೆಲೆಯಿರುವ ಮತ ಕಾರ್ಯಕಾರಿ ಸಮಿತಿಯದ್ದು. ಅದು ನಡೆಯುವುದು ಅರ್ಧ ಜನ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಕಡೆ ನೋಡುತ್ತಿರುವಾಗ.

ಇದು ನನ್ನ ತಲೆಯಿಂದ ಬಂದ ಚಮತ್ಕಾರವಲ್ಲ. ನಮ್ಮ ಸಭೆಯನ್ನು ಕಟ್ಟಿದವರು ಅದನ್ನು ಹಾಗೆಯೇ ಕಟ್ಟಿದ್ದಾರೆ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು, ಬೇಸರಿಸಬೇಡಿ.

ನಮ್ಮಲ್ಲಿ ಬಹುಪಾಲು ಜನರ ಅಜ್ಜ ಮುತ್ತಜ್ಜಂದಿರಿಗೆ ಬಿಷಪ್ ಎಂಬವರು ಇರಲೇ ಇಲ್ಲ. ಕರಾವಳಿಯವರಿಗೆ ಬಾಸೆಲ್ ಮಿಷನ್. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಲೇನರ್, ಗ್ರೈನರ್ ಮೂವರಲ್ಲಿ ಯಾರೂ ಬಿಷಪರ ಕೈಯಿಂದ ದೀಕ್ಷೆ ಪಡೆದು ಬಂದವರಲ್ಲ. ಅವರು ಕಟ್ಟಿದ ಸಭೆಗಳಲ್ಲಿ ಸಭಾ ಹಿರಿಯರ ಮಾತು ನಡೆಯುತ್ತಿತ್ತು. ಮೈಸೂರು, ತುಮಕೂರು, ಹಾಸನದ ಸೀಮೆ ವೆಸ್ಲಿಯನ್ನರದು, ಅಂದರೆ ಮೆಥಡಿಸ್ಟರದು. ಬಳ್ಳಾರಿಗೆ 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಕನ್ನಡ ಬೈಬಲಿನ ಕೆಲಸಕ್ಕೆ ಕೂತರು. ಲಂಡನ್ ಮಿಷನ್ನಿನವರ ಪಾಲಿಗೆ ಪ್ರತಿ ಸಭೆಯೂ ತನ್ನ ಮನೆಯನ್ನು ತಾನೇ ನೋಡಿಕೊಳ್ಳಬೇಕಾದ್ದು. ಇನ್ನು ಅಪ್ಪಟ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯವು) ಎನ್ನಬಹುದಾದ ದೇವಾಲಯಗಳು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ದಂಡಿನ ಜೊತೆ ಬಂದವು: ಬೆಂಗಳೂರಿನ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ, ಮಂಗಳೂರಿನ ಸೇಂಟ್ ಪಾಲ್ಸ್ ಇಂಥವು. 1816ರಲ್ಲಿ ಸೇಂಟ್ ಮಾರ್ಕ್ಸ್ ಪ್ರತಿಷ್ಠೆಯಾದಾಗ ಇಡೀ ಇಂಡಿಯಾಕ್ಕೆ ಇದ್ದ ಒಬ್ಬ ಆಂಗ್ಲಿಕನ್ ಬಿಷಪ್ ಕಲ್ಕತ್ತೆಯಲ್ಲಿದ್ದರು. ಮದ್ರಾಸಿಗೊಬ್ಬ ಬಿಷಪ್ ಬಂದದ್ದು 1835ರಲ್ಲಿ. ಅವರನ್ನು ನೇಮಿಸುತ್ತಿದ್ದದ್ದು ಇಂಗ್ಲೆಂಡಿನ ಅರಸೊತ್ತಿಗೆ. ಇಂಡಿಯನ್ ಚರ್ಚ್ ಆಕ್ಟ್ 1927ರಲ್ಲಿ ಪಾಸಾಗಿ 1930ರಲ್ಲಿ ಜಾರಿಗೆ ಬಂದ ಮೇಲೆಯೇ ಇಲ್ಲಿನ ಆಂಗ್ಲಿಕನ್ ಸಭೆ ಆ ಹಿಡಿತದಿಂದ ಹೊರಬಂದದ್ದು.

ಬೆಂಗಳೂರಿನಲ್ಲಿರುವವರು ಇದನ್ನು ಒಂದು ಆಟೋ ಹತ್ತಿ ನೋಡಿ ಬರಬಹುದು. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಲಂಡನ್ ಮಿಷನ್ನಿನದು. ಬೆಂಜಮಿನ್ ರೈಸ್ ಅವರ ಹೆಸರು ಹೊತ್ತದ್ದು, ನಮ್ಮ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ತಂದೆ. ಹಡ್ಸನ್ ಸರ್ಕಲ್ಲಿನ ಹಡ್ಸನ್ ಮೆಮೋರಿಯಲ್ ವೆಸ್ಲಿಯನ್ನರದು. ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಒಂದು ಕಾಲಕ್ಕೆ ಒಬ್ಬರ ಪ್ರಾರ್ಥನಾ ಕ್ರಮ ಇನ್ನೊಬ್ಬರಿಗೆ ಆಗದು, ಒಬ್ಬರ ಅಯ್ಯನವರನ್ನು, ಅಂದರೆ ಸಭಾಪಾಲಕರನ್ನು, ಇನ್ನೊಬ್ಬರು ಪೂರ್ತಿ ಒಪ್ಪರು. ಇಂದು ಮೂರಕ್ಕೂ ಒಬ್ಬರೇ ಬಿಷಪ್. ಇದು ತಾನಾಗಿ ಆದದ್ದಲ್ಲ.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾಪಾಲಕರ ಗುಂಪೊಂದು ಈ ಬೇರೆ ಬೇರೆ ಸಭೆಗಳ ಐಕ್ಯದ ಮಾತು ಎತ್ತಿತು. ಅವರಲ್ಲಿ ಮುಖ್ಯರು ದೋರ್ನಕಲ್ಲಿನ ವಿ.ಎಸ್. ಅಜರಯ್ಯ; 1912ರಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯ ಆಂಗ್ಲಿಕನ್. ಆ ಮಾತು ಕೈಗೂಡಲು 28 ವರ್ಷ ಹಿಡಿಯಿತು. ಅಜರಯ್ಯನವರು ಅದನ್ನು ನೋಡದೆಯೇ 1945ರ ಜನವರಿ 1ರಂದು ತೀರಿಕೊಂಡರು. ಇಷ್ಟು ವರ್ಷ ಜಗ್ಗಾಡಿದ್ದು ಮುಖ್ಯವಾಗಿ ಯಾವುದರ ಬಗ್ಗೆ ಅಂದರೆ ಇದೇ ಬಿಷಪರ ಬಗ್ಗೆ. ಆಂಗ್ಲಿಕನ್ನರಿಗೆ ಬಿಷಪರಿಲ್ಲದ ಸಭೆ ಸಭೆಯೇ ಅಲ್ಲ. ಉಳಿದವರಿಗೆ ಬಿಷಪ್ ಅಂದರೆ ದೊರೆಗಳ ಕಾಲದ ಡೌಲು. ಕೊನೆಗೆ ಹೊರಬಂದ ಒಪ್ಪಂದ ಹೀಗಿತ್ತು: ಐತಿಹಾಸಿಕ ಬಿಷಪ್ ಪರಂಪರೆಯನ್ನು ಸಂವಿಧಾನಬದ್ಧ ರೂಪದಲ್ಲಿ ಒಪ್ಪಿಕೊಳ್ಳುತ್ತೇವೆ; ಆದರೆ ಆ ಪದವಿಯ ಕುರಿತು ಇಂಥದ್ದೇ ಸಿದ್ಧಾಂತ ನಂಬಬೇಕೆಂದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಸಂವಿಧಾನಬದ್ಧ ಎಂಬುದು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಬಾಸೆಲ್ಲಿನ ಹಿರಿಯರು, ವೆಸ್ಲಿಯನ್ನರು, ಲಂಡನ್ ಮಿಷನ್ನಿನವರು ಬಿಷಪರನ್ನು ಒಪ್ಪಿಕೊಂಡದ್ದೇ ಆ ಷರತ್ತಿನ ಮೇಲೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಐಕ್ಯವಾಯಿತು, 14 ಸಭಾಪ್ರಾಂತಗಳು ಹುಟ್ಟಿದವು, ಅದೇ ದಿನ ಒಂಬತ್ತು ಹೊಸ ಬಿಷಪರ ಅಭಿಷೇಕವಾಯಿತು. ನಮ್ಮ ಮೈಸೂರು ಸಭಾಪ್ರಾಂತಕ್ಕೆ ಪಿ. ಗುರುಶಾಂತರು ಮೊದಲ ಬಿಷಪ್. ಅವರ ನಂತರ ಬಂದ ನಾರ್ಮನ್ ಸಾರ್ಜೆಂಟ್ ಇಂಗ್ಲೆಂಡಿನ ಮೆಥಡಿಸ್ಟ್. ಬಿಷಪರಿಲ್ಲದ ಸಭೆಯಲ್ಲಿ ಬೆಳೆದವರು ಬಂದು ಬಿಷಪ್ ಪೀಠದಲ್ಲಿ ಕೂತರು. 1968ರಲ್ಲಿ ಧಾರವಾಡದ ಕಡೆಯ ಬಾಸೆಲ್ ಸಭೆಗಳೂ ಸೇರಿದವು. 1970ರಲ್ಲಿ ಮೈಸೂರು ಸಭಾಪ್ರಾಂತ ಮೂರಾಯಿತು: ಉತ್ತರಕ್ಕೆ ಧಾರವಾಡ, ಮಧ್ಯಕ್ಕೆ ಬೆಂಗಳೂರು, ದಕ್ಷಿಣಕ್ಕೆ ಮಂಗಳೂರಿನ ಬಲ್ಮಠ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ನೀವು ಬಿಷಪರನ್ನು ಆರಿಸುವುದಿಲ್ಲ. ಇದು ನಮ್ಮ ಎಷ್ಟೋ ಪ್ರತಿನಿಧಿಗಳಿಗೇ ಗೊತ್ತಿರುವುದಿಲ್ಲ. ಕೌನ್ಸಿಲ್ ಆರಿಸುವುದು ಕೆಲವು ಹೆಸರುಗಳ ಪ್ಯಾನೆಲ್ಲನ್ನು. ಅದು ಇಡೀ ಸಿ.ಎಸ್.ಐ.ಗೆ ಮೇಲಿನ ಆಡಳಿತ ಮಂಡಳಿಯಾದ ಸಿನೋಡಿನ ಚೆನ್ನೈ ಕಚೇರಿಗೆ ಹೋಗುತ್ತದೆ, ಇಡೀ ಸಭೆಯ ಮುಖ್ಯಸ್ಥರಾದ ಮಾಡರೇಟರೂ ಸಿನೋಡಿನ ಆಯ್ಕೆ ಮಂಡಳಿಯೂ ಕೂತು ಅದರಲ್ಲಿ ಒಬ್ಬರನ್ನು ನಿರ್ಧರಿಸುತ್ತಾರೆ. ಅತಿ ಹೆಚ್ಚು ಮತ ಬಿದ್ದವರೇ ಆಗಬೇಕೆಂಬ ಕಟ್ಟುನಿಟ್ಟಿಲ್ಲ. ಬಿಷಪ್ ಒಂದು ಸಭಾಪ್ರಾಂತದವರಷ್ಟೇ ಅಲ್ಲ, ಇಡೀ ಸಭೆಗೆ ಸೇರಿದವರು. ಆದ್ದರಿಂದ ಸ್ಥಳೀಯರ ಇಷ್ಟ, ಇಡೀ ಸಭೆಯ ಒಪ್ಪಿಗೆ ಎರಡೂ ಬೇಕು ಎಂಬುದು ಅದರ ಹಿಂದಿನ ತರ್ಕ. ತರ್ಕ ಚೆನ್ನಾಗಿಯೇ ಇದೆ. ಆಚರಣೆಯಲ್ಲಿ ಏನಾಗುತ್ತದೆಂದರೆ, ಊರಿನಲ್ಲಿ ನಡೆದ ಪ್ರಚಾರ ಮುಗಿದ ಮೇಲೆ ಇನ್ನೊಂದು ಪ್ರಚಾರ ರೈಲು ಹತ್ತಿ ಚೆನ್ನೈಗೆ ಹೋಗುತ್ತದೆ. ಅಲ್ಲಿ ನಿಮಗೆ ಮತವಿಲ್ಲ. ಇಷ್ಟೆಲ್ಲ ರಾತ್ರಿ ನಿದ್ದೆಗೆಟ್ಟು, ಬಣ ಕಟ್ಟಿ, ನೆಂಟಸ್ತಿಕೆ ಕೆಡಿಸಿಕೊಂಡು ನೀವು ಗೆಲ್ಲುವುದು ಅರ್ಧ ತೀರ್ಮಾನವನ್ನು ಮಾತ್ರ.

ಇಂಗ್ಲೆಂಡಿನಲ್ಲಿ ಈ ಅರ್ಧವೂ ಇಲ್ಲ. ಅಲ್ಲಿನ ಸಭಾಪ್ರಾಂತದ ಬಿಷಪರ ಹೆಸರನ್ನು ಒಂದು ಆಯೋಗ ಸೂಚಿಸುತ್ತದೆ, ಪ್ರಧಾನಿಯ ಮೂಲಕ ಅರಸರಿಗೆ ಹೋಗುತ್ತದೆ. ಕೆಥೆಡ್ರಲಿಗೊಬ್ಬ ಡೀನ್, ಬಿಷಪರ ಕೈಕೆಳಗೆ ಆರ್ಚ್‌ಡೀಕನ್ನರು, ಹಿರಿಯ ಬಿಷಪರಲ್ಲಿ 26 ಮಂದಿಗೆ ಹೌಸ್ ಆಫ್ ಲಾರ್ಡ್ಸಿನಲ್ಲಿ ಕುರ್ಚಿ. ಬಿಷಪರು, ಪಾದ್ರಿಗಳು, ಸಭಿಕರು ಎಂಬ ಮೂರು ಮನೆಗಳ ಸಿನೋಡ್ ವ್ಯವಸ್ಥೆ ಅವರಲ್ಲಿ ಈಗಿನ ರೂಪಕ್ಕೆ ಬಂದದ್ದು 1970ರಲ್ಲಿ. ನಮ್ಮ ಸಭಿಕರು 1947ರಿಂದಲೇ ಸಭಾಪಾಲಕರ ಜೊತೆ ಒಂದೇ ಸಭಾಂಗಣದಲ್ಲಿ ಕೂತು ಕೈ ಎತ್ತುತ್ತಿದ್ದಾರೆ. "ಇಂಗ್ಲಿಷರ ಚರ್ಚು" ಎಂದು ನಮ್ಮನ್ನು ಹಂಗಿಸುವವರಿಗೆ ಇದನ್ನು ಹೇಳಿ. ನಮ್ಮಲ್ಲಿ ಆರ್ಚ್‌ಬಿಷಪ್ ಕೂಡ ಇಲ್ಲ. ಮಾಡರೇಟರ್ ಇದ್ದಾರೆ, ಅವರೂ ಒಂದು ಸಭಾಪ್ರಾಂತದ ಬಿಷಪರೇ. ಆಂಗ್ಲಿಕನ್ ಕಮ್ಯುನಿಯನ್ನಿನ ಪೂರ್ಣ ಸದಸ್ಯರೂ ಹೌದು, ಮೆಥಡಿಸ್ಟರ ಮತ್ತು ರಿಫಾರ್ಮ್ಡ್ ಸಭೆಗಳ ಜಾಗತಿಕ ಕೂಟಗಳಲ್ಲೂ ಇದ್ದೇವೆ. ಹೀಗೆ ಮೂರು ಕಡೆ ಕಾಲಿಟ್ಟು ನಿಂತ ಸಭೆ ಜಗತ್ತಿನಲ್ಲಿ ಹೆಚ್ಚಿಲ್ಲ.

ಹಾಗಾದರೆ ಬಿಷಪರ ಕೈಯಲ್ಲಿ ಏನಿದೆ? ಸಭಾಪಾಲಕರಿಗೆ ದೀಕ್ಷೆ ಕೊಡುವುದು, ಮಕ್ಕಳಿಗೆ ದೃಢೀಕರಣ, ಬೋಧನೆ ಮತ್ತು ಆರಾಧನೆಯ ಮೇಲ್ವಿಚಾರಣೆ, ಸಭಾಪಾಲಕರ ಯೋಗಕ್ಷೇಮ, ಶಿಸ್ತು. ಇದು ಸಣ್ಣ ಕೆಲಸವಲ್ಲ. ಮನಸ್ಸಿಟ್ಟು ಮಾಡಿದರೆ ಒಬ್ಬ ಮನುಷ್ಯನ ಆಯುಷ್ಯಕ್ಕೆ ಸಾಕಾಗುವಷ್ಟಿದೆ. ಹಳ್ಳಿಯ ಒಂದು ಸಣ್ಣ ಸಭೆಗೆ ಬಿಷಪರು ಬಂದು ಹತ್ತು ಮಕ್ಕಳ ತಲೆಯ ಮೇಲೆ ಕೈಯಿಟ್ಟು, ಮಧ್ಯಾಹ್ನ ಅವರ ಮನೆಯವರ ಜೊತೆ ಎಲೆಯ ಮುಂದೆ ಕೂತು ಉಂಡು ಹೋದರೆ ಆ ಸಭೆ ಅದನ್ನು ಒಂದು ತಲೆಮಾರು ನೆನೆಯುತ್ತದೆ. ಆದರೆ ಹಣಕಾಸಿನ ಮೇಲೆ ಬಿಷಪರಿಗೆ ಪ್ರತ್ಯೇಕ ಹಿಡಿತವಿಲ್ಲ. ಅದು ಕೌನ್ಸಿಲ್ಲಿನದು. ಕೌನ್ಸಿಲ್ ಅಂದರೆ ಸೇವೆಯಲ್ಲಿರುವ ಸಭಾಪಾಲಕರು, ಮತ್ತು ನೀವು.

ನೀವು ಸೇರುವುದು ಯಾವಾಗಲೋ ಒಮ್ಮೆ. ಎರಡು ಕೌನ್ಸಿಲ್ಲುಗಳ ನಡುವೆ ಅಧಿಕಾರ ನಡೆಸುವುದು ಕಾರ್ಯಕಾರಿ ಸಮಿತಿ ಮತ್ತು ಪದಾಧಿಕಾರಿಗಳು. ಯಾವ ಶಾಲೆಗೆ ಕಟ್ಟಡ, ಯಾವ ಆಸ್ಪತ್ರೆಗೆ ಹಣ, ಯಾವ ಜಾಗ ಯಾರಿಗೆ ಲೀಸು, ಯಾವ ಕೇಸಿಗೆ ಯಾವ ವಕೀಲರು, ಇವೆಲ್ಲ ಅಲ್ಲಿ ಅಥವಾ ಅದರ ಕೆಳಗಿನ ಉಪಸಮಿತಿಗಳಲ್ಲಿ ತೀರ್ಮಾನವಾಗುತ್ತವೆ. ಮೈಸೂರಿನ ಹೋಲ್ಡ್ಸ್‌ವರ್ತ್, ಹಾಸನದ ರೆಡ್‌ಫರ್ನ್, ಉಡುಪಿಯ ಲೊಂಬಾರ್ಡ್, ಗದಗ ಬೆಟಗೇರಿಯ ಆಸ್ಪತ್ರೆ, ಧಾರವಾಡದ ಕಿಟೆಲ್ ಕಾಲೇಜು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗಳು: ಇಂಥ ಸಂಸ್ಥೆಗಳ ಹಣೆಬರಹ ಬಿಷಪರ ಪ್ರಸಂಗಕ್ಕಿಂತ ಈ ಸಮಿತಿಗಳ ಮಿನಿಟ್ಸ್ ಪುಸ್ತಕದಲ್ಲಿ ಬರೆದಿರುತ್ತದೆ. ಅಂಥ ಸಮಿತಿಗೆ ಯಾರು ಬರುತ್ತಾರೆ? ಪ್ಯಾನೆಲ್ಲಿನ ಲೆಕ್ಕಾಚಾರದಲ್ಲಿ ಯಾರಿಗೆ ಯಾರು ಮಾತು ಕೊಟ್ಟಿದ್ದಾರೋ ಅವರು. ಮುಂಚೆಯೇ ಚೀಟಿ ಬರೆದಿರುತ್ತದೆ. ನೀವು ಅದನ್ನು ನೋಡಿ ನಕಲು ಮಾಡಿ ಪೆಟ್ಟಿಗೆಗೆ ಹಾಕುತ್ತೀರಿ. ಮದುವೆಗೆ ಗಂಡು ನೋಡಲು ಆರು ತಿಂಗಳು ಓಡಾಡಿ, ಮನೆಪತ್ರವನ್ನು ಓದದೆ ಸಹಿ ಹಾಕಿ ಬರುವವರ ಹಾಗಾಯಿತು ಇದು.

ಆಸ್ತಿಯ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗೊಂದಲ ಹೆಚ್ಚಿರುವುದು ಇಲ್ಲೇ. ನಮ್ಮ ದೇವಾಲಯ, ಸ್ಮಶಾನ, ಶಾಲೆ, ಬಂಗಲೆಗಳು ಬಿಷಪರ ಹೆಸರಿನಲ್ಲಿಲ್ಲ, ಸಭಾಪಾಲಕರ ಹೆಸರಿನಲ್ಲೂ ಇಲ್ಲ. ಇವನ್ನು ಹಿಡಿದಿಟ್ಟುಕೊಳ್ಳಲೆಂದೇ 1947ರಲ್ಲಿ ಕಂಪನಿ ಕಾಯ್ದೆಯಡಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಎಂಬ ಸಂಸ್ಥೆ ನೋಂದಣಿಯಾಯಿತು. ಅದರ ಕಚೇರಿ ಚೆನ್ನೈನಲ್ಲಿ. ಸ್ಥಳೀಯವಾಗಿ ವ್ಯವಹರಿಸಲು ಬಿಷಪರಂಥವರಿಗೆ ಪವರ್ ಆಫ್ ಅಟಾರ್ನಿ ಇರುತ್ತದೆ. ಹೀಗಾಗಿ ನಮ್ಮೂರಿನ ನಡುಪೇಟೆಯ ಒಂದು ಕಾಂಪೌಂಡನ್ನು ಯಾರಿಗಾದರೂ ಕೊಡಬೇಕಾದರೆ ಕಾಗದ ಮೂರು ನಾಲ್ಕು ಕೈ ದಾಟುತ್ತದೆ. ದಾಟುವ ಪ್ರತಿ ಕೈಯೂ "ಕೆಳಗಿನವರು ಒಪ್ಪಿ ಕಳಿಸಿದ್ದಾರೆ" ಎಂದೋ "ಮೇಲಿನವರು ಹೇಳಿದ್ದಾರೆ" ಎಂದೋ ಹೇಳಬಹುದು. ಕಾವಲಿಗೆಂದು ಇಟ್ಟ ಮೆಟ್ಟಿಲುಗಳು ಜವಾಬ್ದಾರಿ ಜಾರಿಸುವ ಮೆಟ್ಟಿಲುಗಳೂ ಆಗುತ್ತವೆ. ಇದನ್ನು ತಡೆಯಬಲ್ಲವರು ಕೆಳಗಿನ ಮೆಟ್ಟಿಲಿನವರು, ಅಂದರೆ ನೀವು, ಅದೂ ಕಾಗದ ಹೊರಡುವ ಮೊದಲು. ಹೊರಟ ಮೇಲೆ ಉಳಿಯುವುದು ಕೋರ್ಟು, ತಡೆಯಾಜ್ಞೆ, ಮತ್ತು ನಮ್ಮದೇ ಕಾಣಿಕೆ ಹಣದಿಂದ ಎರಡೂ ಕಡೆಯ ವಕೀಲರಿಗೆ ಫೀಸು.

ಆದ್ದರಿಂದ ಹೊರಡುವ ಮುಂಚೆ ಸಭಾಪ್ರಾಂತದ ಕಚೇರಿಗೆ ಒಂದು ಕಾಗದ ಬರೆಯಿರಿ. ಸ್ಥಿರಾಸ್ತಿಯ ಪಟ್ಟಿ ಸರ್ವೆ ನಂಬರಿನ ಸಮೇತ ಕೇಳಿ. ಲೀಸು ಬಾಡಿಗೆಗಳ ಅವಧಿ ಎಷ್ಟು, ಬಾಡಿಗೆ ಕೊನೆಯ ಬಾರಿ ಏರಿದ್ದು ಯಾವಾಗ ಎಂದು ಕೇಳಿ. ಬಾಕಿ ಇರುವ ಕೇಸುಗಳಿಗೆ ಈ ವರ್ಷ ಖರ್ಚಾದ ಹಣ ಎಷ್ಟು ಎಂದು ಕೇಳಿ. ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ. ಯಾವ ಸಹಕಾರ ಸಂಘದ ಸದಸ್ಯನೂ ಕೇಳುವ ಪ್ರಶ್ನೆಗಳೇ ಇವು. ಬರೆದೇ ಕೇಳಿ, ಏಕೆಂದರೆ ಸಭಾಂಗಣದಲ್ಲಿ ಎದ್ದು ನಿಂತು ಕೇಳುವುದು ಸುಲಭವಲ್ಲ. ಕೌನ್ಸಿಲ್ಲಿನ ಅಧ್ಯಕ್ಷರು ಬಿಷಪರೇ. ನೀವು ಯಾರ ಆಡಳಿತದ ಬಗ್ಗೆ ಕೇಳಬೇಕೋ ಅವರೇ ವೇದಿಕೆಯ ನಡುವೆ ಕೂತು ಮೈಕು ಯಾರಿಗೆ ಸಿಗಬೇಕೆಂದು ತೀರ್ಮಾನಿಸುತ್ತಾರೆ. ಒಳ್ಳೆಯ ಬಿಷಪರು ಆಗ ಪ್ರಶ್ನೆಗಾರನಿಗೆ ಹೆಚ್ಚು ಹೊತ್ತು ಕೊಟ್ಟದ್ದನ್ನು ಕಂಡಿದ್ದೇನೆ. "ಪ್ರಾರ್ಥನೆಯಿಂದ ಮುಗಿಸೋಣ" ಎಂದು ಲೆಕ್ಕಪತ್ರದ ಚರ್ಚೆ ಮುಗಿದದ್ದನ್ನೂ ಕಂಡಿದ್ದೇನೆ.

ನಮ್ಮ ಸಭಾಪಾಲಕರು ಯಾಕೆ ಕೇಳುವುದಿಲ್ಲ ಎಂದು ನೀವು ಕೇಳಬಹುದು. ಅವರ ವರ್ಗಾವಣೆ ಬಿಷಪರ ಮೇಜಿನ ಮೇಲಿರುತ್ತದೆ. ಮಗಳು ಹತ್ತನೇ ಕ್ಲಾಸಿನಲ್ಲಿರುವ ವರ್ಷ ಸಂಸಾರ ಸಮೇತ ಇನ್ನೊಂದು ಜಿಲ್ಲೆಗೆ ಹೋಗಬೇಕಾಗಬಹುದಾದ ಮನುಷ್ಯನಿಂದ ನಾವು ಎಷ್ಟು ಧೈರ್ಯ ಬಯಸಬಹುದು? ನಿಮಗೆ ಆ ಭಯವಿಲ್ಲ. ನಿಮ್ಮ ಸಂಬಳ ಬೇರೆ ಕಡೆಯಿಂದ ಬರುತ್ತದೆ. ಸಭಿಕರನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕೌನ್ಸಿಲ್ಲಿನೊಳಗೆ ಕೂರಿಸಿದ್ದರಿಂದ ಇದೊಂದು ಲಾಭವಂತೂ ಇದೆ. ನಮ್ಮ ಸಭಿಕರಲ್ಲಿ ಎಷ್ಟೋ ಮಂದಿ ಸಭಾಪ್ರಾಂತದ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕಿದ್ದಾರೆ, ಅವರ ಬಾಯಿಯೂ ಕಟ್ಟಿದೆ ಎನ್ನುವವರಿದ್ದಾರೆ. ನಿಜ. ಅದಕ್ಕೇ ಮುಂದಿನ ಸಲ ಸಭೆಯಲ್ಲಿ ಪ್ರತಿನಿಧಿಗಳನ್ನು ಆರಿಸುವಾಗ ಇದನ್ನೂ ನೋಡಬೇಕು.

ಓದದೆ ಕೈ ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಸಿನೋಡಿನ ಈಚಿನ ವ್ಯಾಜ್ಯ ನಿಮಗೆ ಗೊತ್ತಿದೆ. ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಕೋರ್ಟಿಗೆ ಹೋಯಿತು. 2024ರ ಏಪ್ರಿಲಿನಲ್ಲಿ ಮದ್ರಾಸ್ ಹೈಕೋರ್ಟ್ ಸಿನೋಡಿನ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನೇ ನೇಮಿಸಿತು. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 24 ಸಭಾಪ್ರಾಂತಗಳ, ಜಾಫ್ನಾದವರೆಗೂ ಹಬ್ಬಿದ ಸಭೆ ತನ್ನ ಮನೆ ನೋಡಿಕೊಳ್ಳಲು ಹೊರಗಿನ ನ್ಯಾಯಾಧೀಶರು ಬರಬೇಕಾದ ಸ್ಥಿತಿಗೆ ಬಂತು. ಯಾರದು ಸರಿ ಯಾರದು ತಪ್ಪು ಎಂಬುದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನಿಮಗೆ ಸಂಬಂಧಿಸಿದ ಎಳೆ ಒಂದಿದೆ. ನಮ್ಮ ಸಭೆಯ ಸಂವಿಧಾನದ ತಿದ್ದುಪಡಿ ಸಿನೋಡಿನಲ್ಲಿ ಪಾಸಾದರಷ್ಟೇ ಸಾಲದು, ಮೂರನೇ ಎರಡು ಭಾಗದಷ್ಟು ಸಭಾಪ್ರಾಂತಗಳ ಕೌನ್ಸಿಲ್ಲುಗಳು ಅದನ್ನು ಅನುಮೋದಿಸಬೇಕು. ಆ ಅನುಮೋದನೆ ಸರಿಯಾಗಿ ಆಗಿತ್ತೇ ಎಂಬುದೇ ಕೋರ್ಟಿನ ಮುಂದೆ ಬಂದ ಪ್ರಶ್ನೆಗಳಲ್ಲೊಂದು. ಕೌನ್ಸಿಲ್ಲುಗಳು ಅಂದರೆ ನಿಮ್ಮಂಥವರು ಕೂತ ಸಭಾಂಗಣಗಳು. ಅಜೆಂಡಾದ ಕೊನೆಯ ಪುಟದಲ್ಲಿ "ಸಿನೋಡಿನ ತಿದ್ದುಪಡಿಗಳು" ಎಂಬ ಒಂದು ಸಾಲು, ಅದರ ಮುಂದೆ ಯಾರೋ "ಅನುಮೋದಿಸುತ್ತೇನೆ" ಎಂದದ್ದು, ನಾವು ಚಪ್ಪಾಳೆ ತಟ್ಟಿದ್ದು: ಇಂಥ ಒಂದು ಸಾಲು ವರ್ಷಗಳ ನಂತರ ಹೈಕೋರ್ಟಿನಲ್ಲಿ ಎದ್ದು ಕೂರಬಲ್ಲದು.

ಇನ್ನೊಂದು ಮಾತು ಬಿಷಪರ ಜಾಗ ಖಾಲಿಯಿರುವ ಕಾಲದ ಬಗ್ಗೆ. ನಿವೃತ್ತಿಯಾದ ಕೂಡಲೇ ಹೊಸಬರು ಬರದಿದ್ದರೆ ಮಾಡರೇಟರ್ ತಮ್ಮ ಪರವಾಗಿ ಒಬ್ಬ ಕಮಿಸರಿಯನ್ನು ಕಳಿಸುತ್ತಾರೆ. ಅದು ತಾತ್ಕಾಲಿಕ ಏರ್ಪಾಡು. ತಾತ್ಕಾಲಿಕ ಆಡಳಿತಕ್ಕೆ ನಮ್ಮಲ್ಲಿ ಉದ್ದವಾಗುವ ಚಾಳಿ ಇದೆ. ಆ ಹೊತ್ತಿನಲ್ಲಿ ದೊಡ್ಡ ಲೀಸು, ದೊಡ್ಡ ನೇಮಕ, ದೊಡ್ಡ ಕಟ್ಟಡದ ಗುತ್ತಿಗೆ ಯಾವುದೂ ಆಗಬಾರದು ಎಂದು ಒಂದು ನಿರ್ಣಯ ತನ್ನಿ. ಇದಕ್ಕೆ ಯಾವ ಬಣದವರೂ ಬಹಿರಂಗವಾಗಿ ವಿರೋಧಿಸಲಾರರು. ಮುಂದಿನ ಸಲ ಹೊರಗುಳಿಯುವವರು ತಾವೇ ಆಗಬಹುದೆಂದು ಎಲ್ಲರಿಗೂ ಗೊತ್ತು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಗಿಸಲಾರೆ. 2013ರ ಸೆಪ್ಟೆಂಬರಿನಲ್ಲಿ ನಂದ್ಯಾಲಕ್ಕೆ ಇ. ಪುಷ್ಪಲಲಿತ ಅವರು ಬಿಷಪ್ ಆದರು, ಸಿ.ಎಸ್.ಐ.ನ ಮೊದಲ ಮಹಿಳೆ. ಅದೇ ನಂದ್ಯಾಲದ ಆಂಗ್ಲಿಕನ್ ಸಭೆಗಳು 1947ರಲ್ಲಿ ಈ ಐಕ್ಯವೇ ಬೇಡವೆಂದು ಹೊರಗುಳಿದು, ಬಹಳ ವರ್ಷದ ಮೇಲೆ ಒಳಬಂದವು. ಹಳೆಯದನ್ನು ಬಿಡಲೊಲ್ಲದವರೆಂದು ಹೆಸರಾದ ಆ ಊರು ಎಲ್ಲರಿಗಿಂತ ಮುಂದೆ ಹೋಯಿತು. 2025ರ ಅಕ್ಟೋಬರಿನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೇ ಸಾರಾ ಮುಲಾಲಿ ಅವರ ಹೆಸರು ಪ್ರಕಟವಾಯಿತು. ಇತ್ತ ನಮ್ಮ ಮೂರು ಸಭಾಪ್ರಾಂತಗಳ ಬಿಷಪರ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಸ್ತ್ರೀಯರ ಅನ್ಯೋನ್ಯ ಕೂಟದವರು ಬೆಳೆಹಬ್ಬದ ಹರಾಜಿನಿಂದ ಹಿಡಿದು ಆಸ್ಪತ್ರೆ ಭೇಟಿಯವರೆಗೆ ಸಭೆಯ ಅರ್ಧ ಕೆಲಸ ಹೊರುತ್ತಾರೆ. ಪ್ಯಾನೆಲ್ಲಿನ ಮಾತು ಬಂದಾಗ "ಇನ್ನೂ ಸಮಯ ಬಂದಿಲ್ಲ" ಅನ್ನಿಸುತ್ತದೆ. ದೀಕ್ಷೆ ಪಡೆದ ಸಭಾಪಾಲಕಿಯರು ನಮ್ಮಲ್ಲಿದ್ದಾರೆ. ಬಿಷಪ್ ಪ್ಯಾನೆಲ್ಲಿಗಿಂತ ಮುಂಚೆ ಅವರನ್ನೂ ಸಭಿಕ ಸ್ತ್ರೀಯರನ್ನೂ ಹಣಕಾಸು ಸಮಿತಿಗೆ, ಆಸ್ತಿ ಸಮಿತಿಗೆ ಹಾಕಿ. ಕ್ರಿಸ್ಮಸ್ ಊಟದ ಸಮಿತಿಗೆ ಅವರು ಈಗಾಗಲೇ ಇದ್ದಾರೆ.

ಬಿಷಪರ ಪ್ಯಾನೆಲ್ ಮುಖ್ಯವೇ ಅಲ್ಲ ಎಂದು ನಾನು ಹೇಳಿದೆನೆಂದು ತಿಳಿಯಬೇಡಿ. ಒಬ್ಬ ಒಳ್ಳೆಯ ಬಿಷಪರಿಂದ ಕೊನೆಯ ಹಳ್ಳಿಯ ಸಭಾಪಾಲಕರಿಗೂ ಬೆನ್ನಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಆ ದೃಷ್ಟಿಯಿಂದ ಆರಿಸಿ: ಇವರು ಸೇವೆ ಮಾಡಿದ ಸಭೆಗಳವರು ಇವರ ಬಗ್ಗೆ ಏನೆನ್ನುತ್ತಾರೆ, ಸಣ್ಣ ಸಭೆಯಲ್ಲಿ ಇವರು ಎಷ್ಟು ಕಾಲ ತಾಳಿದರು, ಜಗಳ ಬಂದಾಗ ಏನು ಮಾಡಿದರು. ಫೋನು ಮಾಡಿದವರಿಗೆ ಇದನ್ನೇ ತಿರುಗಿ ಕೇಳಿ. ಬೇಗ ಇಡುತ್ತಾರೆ.

ಕೊನೆಯದಾಗಿ, ನಿಮಗೆ ಸಿಗುವ ವರದಿ ಪುಸ್ತಕವನ್ನು ಮನೆಯ ಅಟ್ಟಕ್ಕೆ ಹಾಕಬೇಡಿ. ಅದರ ಲೆಕ್ಕದ ಪುಟಗಳನ್ನು ಜೆರಾಕ್ಸ್ ಮಾಡಿಸಿ ದೇವಾಲಯದ ನೋಟಿಸ್ ಬೋರ್ಡಿಗೆ ಹಚ್ಚಿ. ನಮ್ಮ ಸಭೆ ವರ್ಷಕ್ಕೆ ಎಷ್ಟು ಅಸೆಸ್‌ಮೆಂಟ್ (ಸಭಾಪ್ರಾಂತಕ್ಕೆ ಸಲ್ಲಿಸುವ ಪಾಲು) ಕಟ್ಟುತ್ತದೆ, ಅದರಲ್ಲಿ ಎಷ್ಟು ಸಂಬಳಕ್ಕೆ, ಎಷ್ಟು ಪಿಂಚಣಿಗೆ, ಎಷ್ಟು ಕೋರ್ಟಿಗೆ ಹೋಯಿತು ಎಂದು ಭಾನುವಾರ ಎದ್ದು ನಿಂತು ಹೇಳಿ. ಕಾರ್ಯಕಾರಿ ಸಮಿತಿಗೆ ನೀವು ಯಾರಿಗೆ ಮತ ಹಾಕಿದಿರಿ ಎಂದು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಯಾರು ಬಂದರು, ಅವರ ಫೋನ್ ನಂಬರು ಏನು, ಮುಂದಿನ ಮೀಟಿಂಗು ಯಾವಾಗ ಎಂಬುದು ಸಭೆಗೆ ಗೊತ್ತಾಗಬೇಕು. ನಮ್ಮ ಸಭಾಪಾಲಕರನ್ನು ನಾನು ಆಗಲೇ ಕೇಳಿಟ್ಟಿದ್ದೇನೆ. ನೀವು ಮರಳಿದ ನಂತರದ ಮೊದಲ ಭಾನುವಾರ ಪ್ರತಿನಿಧಿಗಳ ವರದಿಗೆ ಅರ್ಧ ಗಂಟೆ ಕೊಡಲು ಒಪ್ಪಿದ್ದಾರೆ, ಆಶೀರ್ವಚನ ಆದ ಮೇಲೆ, ಕಾಫಿ ಹಂಚುವ ಮೊದಲು. ಬೇರೆ ಸಭೆಗಳವರೂ ನಿಮ್ಮ ನಿಮ್ಮ ಅಯ್ಯನವರನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ಕರ್ತನ ಸೇವೆಯಲ್ಲಿ ನಿಮ್ಮವ,
ಒಬ್ಬ ಸಭಿಕ